ರಾಜೇಶ್ವರಮ್ಮ ಕಂಡ ನೊಣಹಿಡುಕ

ನಾನು ಹೆಂಡತಿಯ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತೇನೆ ಎಂದು ಶಿಕಾರಿಪುರದ ಅರ್ಧ ಪೇಟೆ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಬೀಜ, ಗೊಬ್ಬರದ ಅಂಗಡಿ ಇಟ್ಟವನು ದಿನಾ ಏನಾದರೊಂದನ್ನು ಹೊಗಳಲೇಬೇಕು. ಯೂರಿಯಾ ಹೊಗಳುವುದಕ್ಕಿಂತ ರಾಜೇಶ್ವರಮ್ಮನನ್ನು ಹೊಗಳುವುದು ವಾಸಿ.

ಶುಗರ್ ಬಂದಮೇಲೆ ಡಾಕ್ಟರ ಮಾತಿಗೆ ಅವಳು ಕೆರೆ ಪಕ್ಕದ ಪಾರ್ಕಿನಲ್ಲಿ ನಡೆಯಲು ಶುರುಮಾಡಿದಳು. ನಡೆಯುತ್ತ ನಡೆಯುತ್ತ ಹಕ್ಕಿಯ ಹುಚ್ಚು ಹಿಡಿಯಿತು. ದೀಪಾವಳಿ ಹತ್ತಿರವಾದರೆ ಸಾಕು, ಉತ್ತರದಿಂದ ವಲಸೆ ಬರುವ ಪುಟ್ಟ ಹಾಡುಹಕ್ಕಿಗಳಿಗೆ ಬೀಗರಿಗೆ ಕಾದ ಹಾಗೆ ಕಾಯುತ್ತಾಳೆ. ಉಲಿಯಕ್ಕಿ ಎನ್ನುವ ಎಲೆಬಣ್ಣದ ಪುಟ್ಟ ಹಕ್ಕಿಗಳೆಲ್ಲ ನನಗೆ ಒಂದೇ. ಅವಳು ಹುಬ್ಬಿನ ಗೆರೆ ನೋಡಿ, ಕೂಗು ಕೇಳಿ, ಇದು ಬೇರೆ, ಅದು ಬೇರೆ ಅನ್ನುತ್ತಾಳೆ. ಅನುಮಾನವಿದ್ದರೆ ಬಾಯಿ ಬಿಡುವವಳಲ್ಲ. ಸೊರಬದಲ್ಲಿ ಕಾಲೇಜು ಮೇಷ್ಟ್ರಾಗಿರುವ ಮಾಲತೇಶ್ ನಮ್ಮ ಕಡೆಯ ಹಕ್ಕಿಗಳ ದಾಖಲೆ ನೋಡಿಕೊಳ್ಳುತ್ತಾರೆ. "ರಾಜೇಶ್ವರಮ್ಮೋರು ಹೇಳಿದ್ರೆ ಮುಗೀತು, ಫೋಟೊ ಬೇಡ ಮಾರಾಯ್ರೆ" ಎಂದು ಅವರೇ ನನ್ನ ಮುಂದೆ ಹೇಳಿದ್ದುಂಟು.

ಈ ಸಲ ಅವಳು ಪಾರ್ಕಿನ ಹೊಂಗೆಮರದಲ್ಲಿ ಕಾಶ್ಮೀರದ ನೊಣಹಿಡುಕ ಹಕ್ಕಿ ಕಂಡೆ ಎಂದಳು. ಕೆಂಪು ಗಂಟಲಿನ ಮಾಮೂಲಿ ನೊಣಹಿಡುಕ ಪ್ರತಿ ವರ್ಷ ಬರುತ್ತದೆ. ಕಾಶ್ಮೀರದ್ದಕ್ಕೆ ಆ ಕೆಂಪಿನ ಸುತ್ತ ಕಪ್ಪು ಅಂಚು ಇರುತ್ತದಂತೆ, ನಮ್ಮ ತಾಲ್ಲೂಕಿನಲ್ಲಿ ಯಾರೂ ನೋಡಿಲ್ಲವಂತೆ. ಫೋಟೊ ಇರಲಿಲ್ಲ, ಕಂಡವಳು ಇವಳೊಬ್ಬಳೇ. ಮಾಲತೇಶ್ ಅವಳ ಮಾತಿನ ಮೇಲೆಯೇ ದಾಖಲಿಸಿಕೊಂಡರು. ನಾನು ಸುಮ್ಮನಿರುತ್ತೇನೆಯೇ? ಊರೆಲ್ಲ ಡಂಗುರ ಸಾರಿದೆ. ವಾಯುವಿಹಾರಿಗಳ ಸಂಘದ ಅಧ್ಯಕ್ಷ ಲೋಕಪ್ಪನ ಬೆನ್ನು ಬಿದ್ದು, ಅದೇ ಪಾರ್ಕಿನಲ್ಲಿ ಒಂದು ಸನ್ಮಾನ ಇಡಿಸಿದೆ. ಅವಳು ಬೇಡವೆಂದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಕುರ್ಚಿಗಳೆಲ್ಲ ತುಂಬಿದ್ದವು. ಲೋಕಪ್ಪ ಶಾಲು ಹೊದಿಸಿದರು, ಮಾಲತೇಶ್ ಹಾರ ಹಾಕಿದರು. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತು ಹೋಗುವುದೊಂದು ಬಾಕಿ. ಅಷ್ಟರಲ್ಲಿ ಹೊಂಗೆಮರದಿಂದ 'ಟರ್ರ್' ಎಂದಿತು. ಇವಳು ಹಾರ ಹಾಕಿಕೊಂಡೇ ಬೈನಾಕ್ಯುಲರ್ ಎತ್ತಿದಳು. ಜನ ನಕ್ಕರು, ನಾನೂ ನಕ್ಕೆ. ಅವಳು ಮಾತ್ರ ಬಹಳ ಹೊತ್ತು ಕಣ್ಣು ಕೀಳಲಿಲ್ಲ. ಕೆಳಗಿಳಿಸಿದಾಗ ಮುಖ ಬಿಳಿಚಿಕೊಂಡಿತ್ತು.

"ಏನಾತೇ?" ಎಂದೆ, ಪಕ್ಕಕ್ಕೆ ಬಾಗಿ.

"ಅದೇ ಹಕ್ಕಿ ರೀ, ಅದೇ ಕೊಂಬೆ. ನೆರಳಿಗೆ ಬಂದ್ರೆ ಕಪ್ಪು ಅಂಚು ಕಾಣ್ತತಿ, ಬಿಸಿಲಿಗೆ ಹಾರಿದ್ರೆ ಇಲ್ಲ. ಅವತ್ತು ನಾನು ನೋಡಿದ್ದು ಎಲೆ ನೆರಳು. ಇದು ಮಾಮೂಲಿದು."

ನಾನು ಸುತ್ತ ನೋಡಿ ದನಿ ತಗ್ಗಿಸಿದೆ. "ಈಗ ಸುಮ್ನಿರು. ಇಲ್ಲಿ ಯಾರಿಗೆ ತಿಳೀತತಿ?"

"ಮೇಷ್ಟ್ರು ನನ್ನ ಮಾತು ನಂಬಿ ಬರ್ಕೊಂಡಾರಲ್ರಿ."

ನಾನು ಸೆರಗು ಹಿಡಿದು ಜಗ್ಗುವಷ್ಟರಲ್ಲಿ ಅವಳು ಎದ್ದು ಮೈಕಿನ ಮುಂದೆ ನಿಂತಿದ್ದಳು. ಭಾಷಣ ಮಾಡಿ ಗೊತ್ತಿಲ್ಲದವಳು. ಧ್ವನಿ ಸಣ್ಣಗಿತ್ತು, ಆದರೆ ನಡುಗಲಿಲ್ಲ.

"ನಾನು ಹೇಳಿದ್ದು ತಪ್ಪಾಗೇತಿ. ಅದು ಕಾಶ್ಮೀರದ್ದಲ್ಲ, ವರ್ಷ ವರ್ಷಾ ಬರೋ ಹಕ್ಕಿನೇ. ಈಗ ತಾನೇ ಸರಿಯಾಗಿ ನೋಡ್ದೆ. ಮೇಷ್ಟ್ರೇ, ಅದನ್ನ ತೆಗೆದುಹಾಕ್ರಿ."

ಲೋಕಪ್ಪನ ಕೈಯಲ್ಲಿದ್ದ ಹಣ್ಣಿನ ಬುಟ್ಟಿ ಕೊಡಲೂ ಆಗದೆ, ಇಡಲೂ ಆಗದೆ ನಿಂತಿತು. ಹಿಂದಿನ ಸಾಲಿನಿಂದ ಯಾರೋ "ಏನಂತೆ? ಏನಂದ್ರು?" ಎಂದು ಕೂಗಿದರು. ಇನ್ನಾರೋ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿಯಿತು. ನಾಳೆ ಅಂಗಡಿಗೆ ಬಂದವರೆಲ್ಲ ಹಕ್ಕಿ ಹಾರಿಹೋಯಿತೇ ಎಂದು ಕೇಳುವುದು ಖಂಡಿತ. ಶಾಲು, ಹಾರ, ಅಧ್ಯಕ್ಷರು, ಇಷ್ಟು ಜನ! ಇಷ್ಟೆಲ್ಲ ಇಟ್ಟುಕೊಂಡು ಹೀಗೆ ಹೇಳುವುದೇ?

ಹೌದಲ್ಲ, ಇಷ್ಟೆಲ್ಲ ಇಟ್ಟುಕೊಂಡು ಹೇಳಿದಳಲ್ಲ ಎಂದು ಆಮೇಲೆ ಹೊಳೆಯಿತು. ಸಿಟ್ಟು ಎಲ್ಲಿ ಇಳಿಯಿತೋ ಗೊತ್ತಿಲ್ಲ. ಇಂಥವಳು ನನ್ನ ಮನೆಯಲ್ಲಿದ್ದಾಳೆ ಎಂದು ಹೆಮ್ಮೆಯಾಯಿತು. ಮಾಲತೇಶ್ ಆಗಲೇ ಎದ್ದು ನಿಂತು ಅವಳಿಗೆ ಕೈ ಮುಗಿಯುತ್ತಿದ್ದರು.

ಅವಳು ಬಂದು ನನ್ನ ಪಕ್ಕ ಕೂತಳು. ತಲೆ ಎತ್ತಲಿಲ್ಲ.

"ನಿಮಗೆ ಅವಮಾನ ಆತೇನ್ರಿ?"

ನಾನು ಎದ್ದು ಹೋಗಿ ಮೈಕು ಕಿತ್ತು ತಂದು ಅವಳ ಕೈಗೆ ಕೊಟ್ಟೆ.

"ಇನ್ನೊಂದ್ಸಲ ಹೇಳು. ಹಿಂದಿನೋರಿಗೆ ಕೇಳ್ಸಿಲ್ಲ."