ದೋಣಿಯೊಳಗಿನ ಕುದುರೆ

ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವುದು ಪುಟ್ಟಿಯ ಕೆಲಸ. ಮೂವತ್ತೈದು ದಾಟಿದ್ದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ, ಹಾಗಾಗಿ ಎಲ್ಲರ ಬಾಯಲ್ಲೂ. ಅಕ್ಕ ಊರೊಳಗಿನ ಬಸ್ಸು ಓಡಿಸುತ್ತಿದ್ದಳು. ಇಬ್ಬರಿಗೂ ಸೇರಿ ಒಂದು ದೋಣಿಯಿತ್ತು. ಬಂಡೆಗಳ ನಡುವೆ ನೊರೆಯೆದ್ದು ಧುಮುಕುವ ಹೊಳೆಗಳಿಗೆಂದೇ ಮಾಡಿದ, ಮೇಲೆ ತೆರೆದ ಕೆನೂ. ಮುಂದೆ ಅಕ್ಕ, ಹಿಂದೆ ಪುಟ್ಟಿ. ಅದರಲ್ಲಿ ಕಾಲು ಚಾಚಿ ಕೂರುವಂತಿಲ್ಲ. ತಳಕ್ಕೆ ಅಂಟಿಸಿದ ದಪ್ಪ ಫೋಮಿನ ದಿಮ್ಮಿಯ ಮೇಲೆ ಕವೆಗಾಲಲ್ಲಿ ಕೂತು, ಮೊಣಕಾಲೂರಿ, ತೊಡೆಗೆ ಪಟ್ಟಿ ಬಿಗಿದುಕೊಳ್ಳಬೇಕು. ಆ ದಿಮ್ಮಿಗೆ ಅಕ್ಕತಂಗಿಯರು ಇಟ್ಟ ಹೆಸರು ಕುದುರೆ.

ಹೋದ ಮಳೆಗಾಲದ ಕೊನೆಯಲ್ಲಿ ದೋಣಿ ಮಗುಚಿ ಬಂಡೆಗೆ ಒತ್ತಿಕೊಂಡಿತು. ಪುಟ್ಟಿ ಹೇಗೋ ಹೊರಬಂದಳು. ಅಕ್ಕನ ಕಾಲು ಪಟ್ಟಿಗೆ ಸಿಕ್ಕಿಬಿದ್ದಿತ್ತು. ಪುಟ್ಟಿ ನೀರೊಳಗೆ ತಡಕಾಡಿ ಪಟ್ಟಿ ಬಿಡಿಸಿ ಅವಳನ್ನು ಎಳೆದು ತಂದಳು. ದಡದಲ್ಲಿ ಕೆಮ್ಮಿ ಕೆಮ್ಮಿ ಸುಸ್ತಾದ ಅಕ್ಕ, "ಅರ್ಧ ಹೊಳೆ ನನ್ನ ಹೊಟ್ಟೇಲಿದೆ ಕಣೇ, ಇನ್ನು ನಡ್ಕೊಂಡೇ ದಾಟಬಹುದು" ಎಂದಾಗ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

ಆಮೇಲೆ ಅಕ್ಕ ಹೊಳೆಯ ಕಡೆ ತಲೆ ಹಾಕಲಿಲ್ಲ. ಒಮ್ಮೆ ಡ್ಯೂಟಿ, ಒಮ್ಮೆ ಸೊಂಟನೋವು, ಒಮ್ಮೆ ಭಾವನ ಕಡೆಯ ನೆಂಟರು. ಕೊನೆಗೆ ಒಂದು ದಿನ ಫೋನಿನಲ್ಲಿ ತಾನಾಗಿಯೇ ಹೇಳಿದಳು: "ನೀನೊಬ್ಳೇ ಹೋಗೋ ಹಾಗೆ ದೋಣಿ ಮಾಡ್ಕೊಂಡ್ಬಿಡು."

"ಯಾಕೆ?"

"ಯಾಕೆ ಅಂದ್ರೆ? ನಂಗೂ ಸಂಸಾರ ಇಲ್ವಾ?"

ಸಂಸಾರ ಇಲ್ಲದವಳು ಇನ್ನೇನು ಮಾತಾಡಿಯಾಳು? "ಸರಿ ಬಿಡು" ಎಂದು ಪುಟ್ಟಿ ಫೋನಿಟ್ಟಳು.

ಇಬ್ಬರ ದೋಣಿ ಒಬ್ಬರದಾಗಬೇಕೆಂದರೆ ಎರಡೂ ಕುದುರೆಗಳನ್ನು ಕಿತ್ತು, ನಟ್ಟನಡುವೆ ಒಂದನ್ನು ಅಂಟಿಸಬೇಕು. ಭಾನುವಾರ ಬೆಳಿಗ್ಗೆ ಪುಟ್ಟಿ ಮನೆಯ ಕೆಳಗಿನ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು ಕೆಲಸಕ್ಕೆ ಕೂತಳು. ಕೂದಲು ಒಣಗಿಸುವ ಡ್ರೈಯರ್‌ನಿಂದ ಹಳೆಯ ಅಂಟನ್ನು ಬಿಸಿ ಮಾಡಿ, ತಗಡಿನಿಂದ ಕೆರೆದು, ಮೊದಲು ತನ್ನ ಕುದುರೆಯನ್ನು ಕಿತ್ತಳು. ಅದು ಚೂರು ಚೂರಾಗಿ ಬಂತು. ಅಕ್ಕನದು ಇಡಿಯಾಗಿ ಎದ್ದು ಬಂದಾಗ ಅದನ್ನು ಎಲ್ಲಿಡುವುದೆಂದು ತೋಚದೆ ಗೋಡೆಗೆ, ಪೊರಕೆಯ ಪಕ್ಕ ಒರಗಿಸಿದಳು. ಎದುರುಮನೆಯ ತಾತ ಇಣುಕಿ, "ಏನಮ್ಮಾ, ಪ್ರಳಯ ಯಾವತ್ತು?" ಎಂದರು. ಅವಳು ನಕ್ಕಳು. ಅವರು ಮುಂದೆ ಹೋದರು. ಬೆಳಗಿನಿಂದ ಅವಳನ್ನು ಮಾತಾಡಿಸಿದವರು ಅವರೊಬ್ಬರೇ.

ಈ ಅಂಟಿನ ಗುಣವೇ ಬೇರೆ. ಫೋಮಿಗೂ ತಳಕ್ಕೂ ಸವರಿ, ಬೆರಳಿಗೆ ಹತ್ತದಷ್ಟು ಆರಲು ಬಿಡಬೇಕು. ಆಮೇಲೆ ಒಂದಕ್ಕೊಂದು ತಾಗಿದರೆ ಮುಗಿಯಿತು, ಸರಿಸುವ ಮಾತೇ ಇಲ್ಲ. ಸ್ಯಾಂಡ್‌ಪೇಪರಿನಿಂದ ತಳ ಉಜ್ಜಿ, ಒರೆಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ಅಂಟು ಬಳಿದು ಕಾದಳು. ಅಂಗಡಿಯಿಂದ ತಂದಿದ್ದ ಹೊಸ ಕುದುರೆ, ನೆಟ್ಟಗೆ ನಿಲ್ಲಿಸಿದರೆ ಅವಳ ಎದೆಯೆತ್ತರ ಬರುತ್ತಿತ್ತು. ಎರಡೂ ಕೈಯಲ್ಲಿ ಅಪ್ಪಿಕೊಂಡು ಬಗ್ಗಿ ಇಳಿಸುವಾಗ ಕಣ್ಣಿಗೆ ಕಾಣದ ಹಿಂಬದಿಯ ಮೂಲೆ ಮೊದಲು ತಾಗಿತು. ತಾಗಿದ್ದೇ ತಡ, ಕಚ್ಚಿ ಹಿಡಿಯಿತು. ಕುದುರೆ ಗೆರೆ ಬಿಟ್ಟು ಸೊಟ್ಟಗೆ ನಿಂತಿತು. ಕೀಳಲು ಹೋದರೆ ಫೋಮು ರೊಟ್ಟಿ ಹರಿದಂತೆ ಹರಿದು ಬಂತು.

ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಾಗದಂತೆ ಗಾಜು ಕೂರಿಸುವವಳು ಪುಟ್ಟಿ. ನೆಲದಲ್ಲಿ ಕೂತು, ಅಂಟು ಮೆತ್ತಿದ ಕೈಯನ್ನು ಯಾವುದಕ್ಕೂ ತಾಗಿಸದೆ ಮೇಲೆತ್ತಿಕೊಂಡೇ ಅತ್ತಳು. ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಿತ್ತು, ಅಷ್ಟೇ. ಕರೆಯಬಹುದಾದವರನ್ನು ನೆನೆದಳು. ಎಷ್ಟು ನೆನೆದರೂ ಒಂದೇ ಮುಖ ಬರುತ್ತಿತ್ತು.

"ಹೊಳೆಗೆ ಕರೀತಿಲ್ಲ" ಎಂದಳು ಫೋನಿನಲ್ಲಿ. "ಬಂದು ಒಂದು ತುದಿ ಹಿಡ್ಕೊಟ್ಟು ಹೋಗು, ಸಾಕು."

ಅಕ್ಕ ಸಮವಸ್ತ್ರದಲ್ಲೇ ಬಂದಳು. ಪೊರಕೆಯ ಪಕ್ಕದ ತನ್ನ ಕುದುರೆಯನ್ನು ಒಮ್ಮೆ ನೋಡಿದಳು. ಹರಿದ ಫೋಮನ್ನು ಕಾಲಲ್ಲಿ ತಳ್ಳಿ, "ಫೋಮಿನ ಅಂಗಡಿ ಇವತ್ತು ಮುಚ್ಚಿರತ್ತೆ. ನಂದನ್ನೇ ಹಚ್ಚು" ಎಂದಳು.

"ನಂಗೆ ಸಡಿಲ ಆಗತ್ತೆ."

"ಎರಡೂ ಕಡೆ ಒಂದೊಂದು ಫೋಮಿನ ಚೂರು ಅಂಟಿಸು. ನನ್ನ ತೊಡೆ ಮಾಡಿದ ಪುಣ್ಯ ನಿನ್ನ ತೊಡೆ ಮಾಡಿಲ್ಲ, ಏನ್ಮಾಡೋದು."

ಇಬ್ಬರೂ ದೋಣಿಯ ತಳದಲ್ಲಿ ಉಳಿದಿದ್ದ ಫೋಮು ಕೆರೆದು, ಅಕ್ಕನ ಕುದುರೆಯ ಅಡಿ ಉಜ್ಜಿ, ಎರಡಕ್ಕೂ ಅಂಟು ಸವರಿದರು. ಅದು ಆರುವ ತನಕ ಮಾಡಲು ಕೆಲಸವಿರಲಿಲ್ಲ. ಅಕ್ಕ ತಲೆಕೆಳಗಾಗಿಟ್ಟ ಬಕೆಟ್ಟಿನ ಮೇಲೆ ಕೂತಿದ್ದಳು.

"ಭಾವ ಬೇಡ ಅಂದ್ರಾ?" ಎಂದು ಪುಟ್ಟಿ ಕೇಳಿಯೇಬಿಟ್ಟಳು.

"ಅವರಿಗೇನು ಗೊತ್ತು, ಪಾಪ." ಅಕ್ಕ ತನ್ನ ಅಂಗೈ ನೋಡಿಕೊಂಡಳು. "ಬಸ್ಸಲ್ಲಿ ಬೆಲ್ಟ್ ಹಾಕ್ಕೊಳ್ಳೋಕೆ ಆಗ್ತಿಲ್ಲ ಕಣೇ. ಪಟ್ಟಿ ತೊಡೆ ಮೇಲೆ ಬಿದ್ರೆ ಸಾಕು, ಕಿವಿ ತುಂಬ ನೀರು. ಬೆನ್ನ ಹಿಂದೆ ಸಿಗಿಸ್ಕೊಂಡು ಓಡಿಸ್ತಿದೀನಿ. ಹಿಂದೆ ಐವತ್ತು ಜನ ಕೂತಿರ್ತಾರೆ."

ಪುಟ್ಟಿ ಇಷ್ಟು ದಿನ ಅಕ್ಕನಿಗೆ ತಾನು ಬೇಡವಾದೆ ಎಂದುಕೊಂಡು ಒಳಗೊಳಗೇ ಕುದಿಯುತ್ತಿದ್ದಳು.

"ಹಾಗಾದ್ರೆ ನಾನೂ ಹೋಗಲ್ಲ" ಎಂದಳು.

"ಹುಚ್ಚಿ. ನೀನೂ ಬಿಟ್ರೆ ನಾನು ಯಾರ ಹತ್ರ ಹೊಳೆ ಸುದ್ದಿ ಕೇಳ್ಲಿ? ಏಳು, ಅಂಟು ಆರಿದೆ."

ಆಚೆ ಅಕ್ಕ, ಈಚೆ ಪುಟ್ಟಿ. ಗೆರೆಯ ಮೇಲೆ ಕಣ್ಣಿಟ್ಟು, ಉಸಿರು ಬಿಗಿಹಿಡಿದು ಕುದುರೆಯನ್ನು ಇಳಿಸಿದರು. ನೇರವಾಗಿ ಕೂತಿತು. ಅಕ್ಕ ದೋಣಿಯೊಳಗೆ ಕಾಲಿಟ್ಟು, ಅದರ ಮೇಲೆ ತನ್ನ ಭಾರ ಹಾಕಿ ಅದುಮಿದಳು. ತೊಡೆಪಟ್ಟಿಗಳ ಕಡೆ ನೋಡಲಿಲ್ಲ. ಇಳಿದು ಕೈ ಒರೆಸಿಕೊಂಡು, "ಡಿಪೋದಲ್ಲಿ ಹೇಳ್ತೀನಿ. ಹೇಳ್ಲೇಬೇಕು" ಎಂದು, ಪುಟ್ಟಿಗಲ್ಲ, ತನಗೇ ಹೇಳಿಕೊಂಡು ಹೊರಟಳು.

ಮುಂದಿನ ರಜೆಗೆ ಪುಟ್ಟಿ ಒಬ್ಬಳೇ ಹೊಳೆಗಿಳಿದಳು. ದೋಣಿ ಹಗುರಾಗಿ, ಹೇಳಿದ ಹಾಗೆ ಕೇಳುತ್ತಿತ್ತು. ಮೊದಲ ಬಂಡೆ ಎದುರಾದಾಗ ಅಭ್ಯಾಸಬಲದಿಂದ "ಎಡಕ್ಕೆ!" ಎಂದು ಕೂಗಿದಳು. ಆ ಕೂಗು ನೀರಿನ ಸದ್ದಿನಲ್ಲಿ ಎಲ್ಲೋ ಹೋಯಿತು. ಎಡಕ್ಕೆ ಹುಟ್ಟು ಹಾಕಬೇಕಾದವಳೂ ಅವಳೇ. ದೋಣಿ ಮಗುಚಿದ್ದ ಜಾಗಕ್ಕೆ ಬಂದಾಗ ದಡಕ್ಕೆ ಹತ್ತಿ ಬಹಳ ಹೊತ್ತು ನೋಡಿದಳು. ನೋಡಿ, ದೋಣಿಯನ್ನು ಹೆಗಲಿಗೇರಿಸಿ, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಕೆಳಗಿನ ಮಡುವಿನವರೆಗೆ ನಡೆದೇ ಹೋದಳು. ಅದರಲ್ಲಿ ನಾಚಿಕೆಯೇನೂ ಅನ್ನಿಸಲಿಲ್ಲ.

ದಡ ಸೇರಿ ಅಕ್ಕನಿಗೆ ಫೋನು ಮಾಡಿದಳು. ಅಕ್ಕ ನೀರೆಷ್ಟಿತ್ತು, ಕುದುರೆ ಅಲುಗಿತೇ ಎಂದು ಒಂದೊಂದೇ ಕೇಳಿದಳು. ಆಮೇಲೆ, "ನನ್ನನ್ನ ಬಸ್ಸಿನಿಂದ ಇಳಿಸಿದಾರೆ. ಸದ್ಯಕ್ಕೆ ಟಿಕೆಟ್ ಕೌಂಟರಲ್ಲಿ ಕೂತಿದೀನಿ. ಡಾಕ್ಟರ ಹತ್ರ ಹೋಗು ಅಂದಿದಾರೆ" ಎಂದಳು.

"ನಾನೂ ಬರ್ಲಾ?"

"ಬೇಡ. ಇದಕ್ಕೆ ನಾನೊಬ್ಳೇ ಹೋಗ್ಬೇಕು ಪುಟ್ಟಿ."

ಇಬ್ಬರೂ ಫೋನಿಡಲಿಲ್ಲ. ಆ ಕಡೆಯಿಂದ ಯಾರೋ ಚಿಲ್ಲರೆ ಕೇಳುತ್ತಿದ್ದುದು ಕೇಳಿಸಿತು. ಅಕ್ಕ "ಇಡ್ಲಾ?" ಎಂದಳು.

ದೋಣಿಯನ್ನು ಕಾರಿನ ಮೇಲೆ ಏರಿಸುವುದೇ ಕಷ್ಟವಾಯಿತು. ಒಂದು ತುದಿ ಎತ್ತಿದರೆ ಇನ್ನೊಂದು ಜಾರುತ್ತಿತ್ತು. ಪುಟ್ಟಿ ಹಿಂಬದಿಯ ಗಾಜಿಗೆ ತನ್ನ ಒದ್ದೆ ಟವೆಲು ಹಾಸಿ, ಮೂತಿಯನ್ನು ಅದಕ್ಕೆ ಒರಗಿಸಿ, ಹಿಂದಿನಿಂದ ಇಂಚಿಂಚಾಗಿ ತಳ್ಳಿದಳು. ಹಗ್ಗ ಬಿಗಿದು, ಎಳೆದು ನೋಡಿ, ಮನೆಯ ಕಡೆ ಹೊರಟಳು.