ಮೂರು ಕೋಟು ಬಣ್ಣ

ಮೂರು ಚಕ್ರದ ಆ ಹಳೆಯ ಗಾಡಿಗೆ ಉಪ್ಪಿನ ಪಾತಿಯ ಜನ ಇಟ್ಟ ಹೆಸರು ಕಪ್ಪೆ. ಮುಂದೆ ಒಂದು, ಹಿಂದೆ ಎರಡು, ಊದಿಕೊಂಡ ದಪ್ಪ ಟೈರುಗಳು. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಕೆಸರಿನ ಮೇಲೂ ಅದು ಕುಪ್ಪಳಿಸಿಕೊಂಡು ಹೋಗುತ್ತಿತ್ತು. ಅದರ ಬೆನ್ನಿಗೆ ನಾಲ್ಕು ಕ್ಯಾನು ಕುಡಿಯುವ ನೀರು ಹೇರಿ, ತುದಿಯ ಪಾತಿಗಳಲ್ಲಿ ಉಪ್ಪು ಎಳೆಯುವ ನಲವತ್ತು ಜನರಿಗೆ ಐದು ವರ್ಷದಿಂದ ಮುಟ್ಟಿಸುತ್ತಿದ್ದವಳು ನೀರಕ್ಕ. ಅಲ್ಲಿ ಕಣ್ಣು ಹಾಯುವಷ್ಟು ದೂರವೂ ನೀರೇ. ಒಂದು ಗುಟುಕು ಕುಡಿಯುವಂತಿಲ್ಲ.

ಆ ಕಪ್ಪೆ ಗುರುವಾರ ಮಧ್ಯಾಹ್ನ ಏರಿಯ ತಿರುವಿನಲ್ಲಿ ಮಗುಚಿ ಬಿತ್ತು. ನೀರಕ್ಕನ ಎಡಗೈಯ ಮಣಿಕಟ್ಟು ಮುರಿಯಿತು. ಉಪ್ಪಿನ ಕಂಪನಿ ಮರುದಿನವೇ ಕಾರಣ ಕಂಡುಹಿಡಿಯಿತು: ಅಜಾಗರೂಕ ಚಾಲನೆ. ಸೋಮವಾರ ವಿಚಾರಣೆ. ಅಷ್ಟರೊಳಗೆ ಅವಳೇ ಗಾಡಿಯನ್ನು ರಿಪೇರಿ ಮಾಡಿಸಿ ತರಬೇಕು. ಟೈಪ್ ಮಾಡಿ ಕೊಟ್ಟ ತಪ್ಪೊಪ್ಪಿಗೆಗೆ ಸಹಿ ಹಾಕಬೇಕು. ಹಾಕಿದರೆ ಅಂಗಳ ಗುಡಿಸುವ ಕೆಲಸ. ಹಾಕದಿದ್ದರೆ ಮನೆ.

ಶನಿವಾರ ಬೆಳಿಗ್ಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಕಪ್ಪೆಯನ್ನು ಎಳೆಸಿಕೊಂಡು ಅವಳು ಗ್ಯಾರೇಜಿಗೆ ಬಂದಳು. ಗ್ಯಾರೇಜಿನ ಮೇಸ್ತ್ರಿ ಅವಳ ಮೈದುನ, ಗಂಡನ ಬೆನ್ನಿಗೆ ಹುಟ್ಟಿದವನು.

"ಏನ್ ಅತ್ತಿಗೆ, ಕಪ್ಪೆನ ಮಲಗಿಸೋಕೆ ಹೋಗಿ ನೀವೂ ಪಕ್ಕದಲ್ಲೇ ಮಲಗಿಬಿಟ್ರಂತೆ?"

"ನಗು, ನಗು. ಈ ಕೈ ವಾಸಿಯಾಗ್ಲಿ, ಮೊದಲ ಏಟು ನಿಂಗೇ."

"ಹಾಗಿದ್ರೆ ಪ್ಲಾಸ್ಟರ್ ನಿಧಾನಕ್ಕೆ ತೆಗೆಸಿ. ಅವಸರ ಏನಿಲ್ಲ."

ಅವಳು ಬ್ಲೌಸಿನೊಳಗಿಂದ ಮಡಿಚಿದ ಕಾಗದ ತೆಗೆದು ಕೊಟ್ಟಳು. ಓದುತ್ತಾ ಓದುತ್ತಾ ಅವನ ನಗು ಇಳಿಯಿತು.

"ಸಹಿ ಹಾಕ್ತೀರಾ ಇದಕ್ಕೆ?"

"ಹಾಕ್ದೆ ಏನ್ಮಾಡ್ಲಿ? ಜೋರಾಗೇ ಹೋಗ್ತಿದ್ದೆ ಕಣೋ. ಹೊತ್ತಾಗಿತ್ತು. ಅಲ್ಲಿ ಅವರ ನಾಲಿಗೆ ಒಣಗಿರುತ್ತೆ."

"ಎಷ್ಟು ಜೋರು?"

"ದಿನಾ ಹೋಗೋವಷ್ಟು."

"ದಿನಾ ಬೀಳ್ತಿದ್ರಾ?"

ಅವಳು ಗಾಡಿಯತ್ತ ತಿರುಗಿದಳು. ಎರಡು ರಾತ್ರಿ ತನ್ನನ್ನು ತಾನೇ ಬೈದುಕೊಂಡಿದ್ದಳು. ಈ ಒಂದು ಪ್ರಶ್ನೆ ಅವಳಿಗೆ ಹೊಳೆದಿರಲಿಲ್ಲ.

ಮೇಸ್ತ್ರಿ ಜಾಕ್ ಕೊಟ್ಟು ಗಾಡಿಯ ಹಿಂಭಾಗವನ್ನು ಎತ್ತಿದ. ಚಕ್ರ ಹಿಡಿದು ಅಲ್ಲಾಡಿಸಿದರೆ ಕಟಕಟ, ಸಡಿಲವಾದ ಹಲ್ಲಿನ ಹಾಗೆ. ಹಿಂದಿನ ಎರಡೂ ಚಕ್ರಗಳನ್ನು ಹೊತ್ತು ಮೇಲೆ ಕೆಳಗೆ ಆಡಬೇಕಾದ ಕಬ್ಬಿಣದ ತೋಳು ಎಡಕ್ಕೂ ಬಲಕ್ಕೂ ಎರಡೆರಡು ಬೆರಳು ವಾಲುತ್ತಿತ್ತು. ಶಾಕ್ ಅಬ್ಸಾರ್ಬರಿನ ಬೋಲ್ಟು ಬಿಚ್ಚಿದ. ತೋಳಿನ ಬುಡದಲ್ಲಿ ಅಡ್ಡಲಾಗಿ ಹೋಗುವ ಉದ್ದ ಬೋಲ್ಟು ಮಾತ್ರ ಉಪ್ಪು ತಿಂದು ಹಿಡಿದುಕೊಂಡಿತ್ತು. ಎಣ್ಣೆ ಬಿಟ್ಟು, ಹಿತ್ತಾಳೆಯ ತುಂಡು ಕೊಟ್ಟು ಅರ್ಧ ಗಂಟೆ ಬಡಿದ ಮೇಲೆ ಹೊರಗೆ ಬಂತು. ಅದರ ಹಿಂದೆಯೇ, ಬೋಲ್ಟನ್ನು ಸುತ್ತಿ ಕೂರುವ ಲೋಹದ ಬಳೆ, ಬುಷ್, ಉದುರಿತು.

ಅದು ಒಂದು ಕಡೆ ಹೊಸದರಷ್ಟೇ ದಪ್ಪ, ಇನ್ನೊಂದು ಕಡೆ ಕಾಗದದಷ್ಟು ತೆಳು. ಒಳಗೆ ಕೆಂಪು ತುಕ್ಕಿನ ಪುಡಿ. ಗ್ರೀಸಿನ ಜಿಡ್ಡು ಬೆರಳಿಗೂ ಅಂಟಲಿಲ್ಲ.

"ತಿರುವಿನಲ್ಲಿ ನೀವು ಒಂದು ಕಡೆ ತಿರುಗಿಸಿದ್ದೀರಿ, ಹಿಂದಿನ ಚಕ್ರ ತಾನೇ ಇನ್ನೊಂದು ದಾರಿ ಹಿಡಿದಿದೆ. ಗ್ರೀಸ್ ಹೊಡೆಸ್ತಿರಲಿಲ್ವಾ ಅತ್ತಿಗೆ?"

"ಅದು ಕಂಪನಿ ಶೆಡ್‌ನವರ ಕೆಲಸ. ನಾವು ಗ್ರೀಸ್ ಗನ್ ಮುಟ್ಟೋ ಹಾಗೇ ಇಲ್ಲ. ತಿಂಗಳು ತಿಂಗಳೂ ಹೊಡೀತೀವಿ ಅಂತ ಅಲ್ಲಿನ ಬೋರ್ಡಲ್ಲಿ ಬರೀತಾರಲ್ಲ."

"ಎಲ್ಲಿಂದ ಹೊಡೀತಾರೆ? ನಿಪ್ಪಲ್ಲೇ ಕಾಣಿಸ್ತಿಲ್ವಲ್ಲ!"

ಗ್ರೀಸ್ ಒಳಗೆ ಹೋಗಬೇಕಾದ ಆ ಬಟಾಣಿ ಗಾತ್ರದ ಲೋಹದ ಮೂತಿ ಎಡಕ್ಕೊಂದು, ಬಲಕ್ಕೊಂದು ಇರಬೇಕು. ಅವನು ತಂತಿ ಬ್ರಷ್ ತಗೊಂಡು ಎಡಗಡೆಯ ಉಬ್ಬನ್ನು ಉಜ್ಜಿದ. ಬಿಳಿ ಬಣ್ಣ ಎದ್ದಿತು. ಅದರಡಿ ನೀಲಿ. ಅದರಡಿ ಹಳದಿ. ಹಳದಿಯೂ ಹೋದ ಮೇಲೆ ನಿಪ್ಪಲ್ ಕಣ್ಣು ಬಿಟ್ಟಿತು.

ನೀರಕ್ಕ ಬಗ್ಗಿ ನೋಡಿದಳು. "ಹಳದಿ, ಮಾಲೀಕರು ಮೊದಲ ಸಲ ಪಾತಿ ನೋಡೋಕೆ ಬಂದಾಗ ಹೊಡೆದದ್ದು, ಮೂರು ವರ್ಷ ಆಯ್ತು. ನೀಲಿ ಅದರ ಮಾರನೇ ವರ್ಷ. ಬಿಳಿ ಹೋದ ವರ್ಷದ್ದು."

ಮಾಲೀಕರು ಬರುತ್ತಾರೆಂದರೆ ಅಲ್ಲಿ ಎಲ್ಲಕ್ಕೂ ಬಣ್ಣ. ಗೇಟಿಗೆ ಬಣ್ಣ, ಬೆಂಚಿಗೆ ಬಣ್ಣ, ತಿರುಗದಂತೆ ನಲ್ಲಿಯ ಕಿವಿಗೂ ಬಣ್ಣ. ಉಪ್ಪು ಕಚ್ಚಿ ಒಡೆದ ಅಂಗಾಲುಗಳಿಗೆ ಮುಲಾಮು ತರಿಸಿ ಎಂದು ಕೇಳಿದ ವರ್ಷವೂ ಡಬ್ಬಿಗಟ್ಟಲೆ ಬಂದದ್ದು ಬಣ್ಣವೇ. ಆ ಕಾಲುಗಳಿಗೂ ಒಂದು ಕೋಟು ಹೊಡೆಯಲಿಲ್ಲವಲ್ಲ, ಅಷ್ಟೇ ದೊಡ್ಡ ಉಪಕಾರ.

ಮೇಸ್ತ್ರಿಯ ಬ್ರಷ್ ಬಲಗಡೆಯ ನಿಪ್ಪಲ್ಲಿನತ್ತ ಹೋಯಿತು. ನೀರಕ್ಕ ಸರಕ್ಕನೆ ಅವನ ಕೈ ಹಿಡಿದಳು.

"ಮುಟ್ಟಬೇಡ! ಅದು ಹಾಗೇ ಇರಲಿ."

"ಅಯ್ಯೋ, ಬಾಯಿ ಬಿಡಿಸದೆ ಗ್ರೀಸ್ ಹೇಗೆ ಹೊಡೀಲಿ? ಗಾಡಿ ಬೇಡ್ವಾ ನಿಮಗೆ?"

"ಗಾಡಿನೂ ಬೇಕು. ಸೋಮವಾರಕ್ಕೆ ಅದೂ ಬೇಕು."

ಎರಡೂ ಬೇಕಿತ್ತು, ನಿಜ. ಗ್ಯಾರೇಜಿನೆದುರಿನ ನಲ್ಲಿಯಲ್ಲಿ ತುದಿಯ ಪಾತಿಯ ಇಬ್ಬರು ಹೆಂಗಸರು ಬಿಂದಿಗೆ ತುಂಬಿಸುತ್ತಿದ್ದರು. ಕಪ್ಪೆ ಬಿದ್ದಂದಿನಿಂದ ಹೀಗೆ ಒಂದೂವರೆ ಗಂಟೆ ನಡೆದು ಬಂದು ನೀರು ಹೊರುವುದಾಗಿತ್ತು. ಮೇಸ್ತ್ರಿ ತಲೆ ಕೆರೆದುಕೊಂಡ.

"ಉಜ್ಜದೆ, ತಿರುಗಿಸಿ ಹಾಗೇ ಪೂರ್ತಿ ಬಿಚ್ಚಿಕೊಡ್ತೀನಿ. ಮೂತಿ ಮೇಲಿನ ಬಣ್ಣ ಅಲ್ಲಾಡಲ್ಲ. ಆ ಜಾಗಕ್ಕೆ ಹೊಸದು ಕೂರಿಸೋಣ."

ನೀರಕ್ಕ ಆ ಇಬ್ಬರನ್ನೂ ಕೂಗಿ ಕರೆದಳು. ಅವರಲ್ಲಿ ಹಿರಿಯಳನ್ನು ಪಾತಿಯವರೆಲ್ಲ ದೊಡ್ಡಮ್ಮ ಅನ್ನುತ್ತಿದ್ದರು. ಸ್ಪ್ಯಾನರಿಗೆ ಬಟ್ಟೆ ಸುತ್ತಿ ಮೇಸ್ತ್ರಿ ನಿಪ್ಪಲ್ ಬಿಚ್ಚುವುದನ್ನು ಅವಳು ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಸರಿಯಾಗಿ ನೋಡಿದ್ಯಾ ದೊಡ್ಡಮ್ಮ? ನಾಳಿದ್ದು ಕೇಳಿದರೆ ಹೇಳ್ಬೇಕು."

"ಹೇಳ್ತೀನಿ ಬಿಡೇ. ಕಣ್ಣು ಮಂಜಾದರೂ ನಾಲಿಗೆ ಚುರುಕಾಗೇ ಇದೆ."

ಪಕ್ಕದ ಲೇತ್ ಅಂಗಡಿಯವನು ಗನ್‌ಮೆಟಲ್ ಸರಳಿನಲ್ಲಿ ಎರಡು ಹೊಸ ಬುಷ್ ಕಡೆಯುತ್ತಿರುವಾಗ ಕಂಪನಿಯ ಸೂಪರ್‌ವೈಸರ್ ಬೈಕಿನಲ್ಲಿ ಬಂದಿಳಿದ.

"ಇನ್ನೂ ಬಿಚ್ಚಿಟ್ಕೊಂಡೇ ಕೂತಿದ್ದೀರಾ? ಮುಗಿದ ಮೇಲೆ ನೀಟಾಗಿ ಒಂದು ಕೋಟ್ ಹೊಡೆದುಬಿಡು ಮೇಸ್ತ್ರಿ. ಹಳೇ ಸಾಮಾನು ಇಲ್ಲಿ ಕೊಡು."

"ನಮ್ಮ ಗ್ಯಾರೇಜಿನ ಪದ್ಧತಿ ಗೊತ್ತಲ್ಲ ಸಾರ್? ಬಿಚ್ಚಿದ ಸಾಮಾನು ಗಾಡಿ ತಂದವರ ಕೈಗೆ. ಇಲ್ದಿದ್ರೆ ಬದಲಾಯಿಸಿದ್ದೀನಿ ಅಂತ ಯಾರು ನಂಬ್ತಾರೆ?"

"ಗಾಡಿ ಕಂಪನಿದಯ್ಯಾ!"

"ಗಾಡಿ ಕಂಪನಿದೇ. ತಂದವರು ಅತ್ತಿಗೆ. ಇವಳೇ ಗ್ಯಾರೇಜಿಗೆ ತಗೊಂಡು ಹೋಗ್ಲಿ ಅಂತ ಚೀಟಿ ಬರೆದವರು ನೀವೇ." ಮೇಸ್ತ್ರಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಚೀಟಿ ತೋರಿಸಿದ.

ಸೂಪರ್‌ವೈಸರ್ ಸವೆದ ಬುಷ್ಷನ್ನೊಮ್ಮೆ ನೋಡಿ ಮೂಗು ಮುರಿದ. ಬಣ್ಣ ಮೆತ್ತಿದ ಆ ಪುಟ್ಟ ಉಂಡೆ ಏನೆಂದು ಅವನಿಗೆ ತಿಳಿಯಲೇ ಇಲ್ಲ. "ತುಕ್ಕು ತಾನೇ? ಸರ ಮಾಡ್ಕೊಂಡು ಕತ್ತಿಗೆ ಹಾಕ್ಕೊಳ್ಳಲಿ," ಎಂದು ಬೈಕ್ ಹತ್ತಿದ.

ಸಂಜೆಯ ಹೊತ್ತಿಗೆ ಹೊಸ ಬುಷ್ಷುಗಳು ಬಿಗಿಯಾಗಿ ಕೂತವು. ಗ್ರೀಸ್ ಗನ್ ಒತ್ತಿದರೆ ತೋಳಿನ ಎರಡೂ ಅಂಚಿನಿಂದ ಹೊಸ ಗ್ರೀಸ್ ಉಕ್ಕಿ ಬಂತು. ಮೇಸ್ತ್ರಿ ಚಕ್ರ ಹಿಡಿದು ಮೈಯೆಲ್ಲ ಬಲ ಹಾಕಿ ಅಲ್ಲಾಡಿಸಿದ. ಸದ್ದಿಲ್ಲ.

ಸೋಮವಾರ ಆಫೀಸಿನ ಮೇಜಿನ ಮೇಲೆ ತಪ್ಪೊಪ್ಪಿಗೆ, ಪೆನ್ನು ಎರಡೂ ಸಿದ್ಧವಾಗಿದ್ದವು. ಪಟ್ಟಣದಿಂದ ಬಂದ ವಿಚಾರಣಾಧಿಕಾರಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿದ್ದ. ಬಾಗಿಲಲ್ಲಿ ದೊಡ್ಡಮ್ಮ, ಅವಳ ಹಿಂದೆ ಪಾತಿಯ ಹತ್ತು ಹನ್ನೆರಡು ಜನ. ನೀರಕ್ಕ ಪೆನ್ನು ಸರಿಸಿ, ಸೆರಗಿನಡಿಯಿಂದ ತಗಡಿನ ಡಬ್ಬಿ ತೆಗೆದಳು. ಬುಷ್ ಇಟ್ಟಳು, ಬೋಲ್ಟು ಇಟ್ಟಳು, ಕೊನೆಗೆ ಬಿಳಿ ಬಣ್ಣದ ಆ ಉಂಡೆ. ಮೈದುನ ಗ್ರೀಸ್ ಗನ್ ತಂದು ಪಕ್ಕದಲ್ಲಿಟ್ಟ.

"ಸಾರ್, ಇದು ಕಪ್ಪೆಗೆ ಗ್ರೀಸ್ ಕುಡಿಸೋ ಬಾಯಿ. ಕುಡಿಯುತ್ತಾ ನೋಡಿ. ನಾನು ಒತ್ತಿದರೆ ನಾಟಕ ಆಡಿದಳು ಅಂತೀರಿ, ನೀವೇ ಒತ್ತಿ."

ಅಧಿಕಾರಿ ಅನುಮಾನಿಸುತ್ತಲೇ ಒತ್ತಿದ. ಇನ್ನೂ ಬಲವಾಗಿ ಒತ್ತಿದ. ಗ್ರೀಸ್ ಒಳಗೆ ಹೋಗದೆ ಪಚಕ್ಕನೆ ಅಂಗಿಯ ತೋಳಿಗೆ ಹಾರಿತು. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು.

"ಬಣ್ಣ ಈಚೆಗೆ ಹೊಡೆದದ್ದು ಸಾರ್," ಎಂದ ಸೂಪರ್‌ವೈಸರ್.

ಅಧಿಕಾರಿ ಉಗುರಿನಿಂದ ಕೆರೆದ. ಬಿಳಿ. ನೀಲಿ. ಹಳದಿ.

"ಶನಿವಾರ ಗಾಡಿಯಿಂದ ಬಿಚ್ಚುವಾಗಲೇ ಹೀಗಿತ್ತು, ನಾನೇ ನೋಡಿದೀನಿ," ದೊಡ್ಡಮ್ಮ ಬಾಗಿಲಿನಿಂದಲೇ ಹೇಳಿದಳು. "ಯಾವ ಬಣ್ಣ ಯಾವ ವರ್ಷದ್ದು ಅಂತ ಇಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಅಧಿಕಾರಿ ಸೂಪರ್‌ವೈಸರ್ ಕಡೆ ತಿರುಗಿದ. "ಮೂರು ವರ್ಷ ತಿಂಗಳು ತಿಂಗಳೂ ಗ್ರೀಸ್ ಹೊಡೆದಿದ್ದೀರಿ ಅಂತ ಬೋರ್ಡಿನಲ್ಲಿದೆ. ಎಲ್ಲಿಗೆ ಹೊಡೆದಿರಿ?"

ಸೂಪರ್‌ವೈಸರ್ ತಪ್ಪೊಪ್ಪಿಗೆಯ ಹಾಳೆಯನ್ನು ಮಡಿಚತೊಡಗಿದ. ಅಧಿಕಾರಿ ನೀರಕ್ಕನತ್ತ ನೋಡಿದ. "ನೀವು ಜೋರಾಗಿ ಓಡಿಸಿದ್ದು ನಿಜವಾ?"

"ನಿಜ ಸಾರ್. ದಿನಾ ಓಡಿಸೋವಷ್ಟೇ. ನಲವತ್ತು ಜನಕ್ಕೆ ಒಂದೇ ಗಾಡಿ, ಬಾಯಾರಿಕೆ ಕಾಯಲ್ಲ. ಅದನ್ನೂ ಬರ್ಕೊಳ್ಳಿ."

ಅವನು ಬರೆದುಕೊಂಡ. ಅವಳ ಮೇಲಿನ ಆರೋಪ ಕೈಬಿಡಲಾಗಿದೆ, ಕೈ ವಾಸಿಯಾದ ಮೇಲೆ ಗಾಡಿ ಅವಳದೇ ಎಂದೂ ಬರೆದ. ಯಾರೂ ಅವಳ ಕ್ಷಮೆ ಕೇಳಲಿಲ್ಲ. ಮುರಿದ ಕೈಗೆ ಪರಿಹಾರದ ಮಾತು ಬಂದಾಗ "ನೋಡೋಣ" ಅಂದರು. ಹೊರಡುವ ಮುನ್ನ ಅವಳು ಇನ್ನೊಂದು ಸಾಲು ಬರೆಸದೆ ಬಿಡಲಿಲ್ಲ: ಇನ್ನು ಮುಂದೆ ಗ್ರೀಸ್ ಗನ್ ಶೆಡ್ಡಿನಲ್ಲಲ್ಲ, ಗಾಡಿಯಲ್ಲೇ, ಓಡಿಸುವವರ ಕೈಯಲ್ಲೇ ಇರಬೇಕು.

ಮಂಗಳವಾರ ಬೆಳಿಗ್ಗೆ ಮೈದುನ ಗ್ಯಾರೇಜಿಗೆ ಅರ್ಧ ದಿನ ಬೀಗ ಹಾಕಿ ಕಪ್ಪೆಯ ಹ್ಯಾಂಡಲ್ ಹಿಡಿದ. ಹಿಂದೆ ಕ್ಯಾನುಗಳ ನಡುವೆ ನೀರಕ್ಕ, ಪ್ಲಾಸ್ಟರಿನ ಕೈ ಮಡಿಲಲ್ಲಿ. ಏರಿಯ ತಿರುವು ಬರುತ್ತಲೇ ಅವಳ ಬಲಗೈ ತಾನಾಗಿ ಕ್ಯಾನಿನ ಹಿಡಿಯನ್ನು ಬಿಗಿಹಿಡಿಯಿತು.

"ಜೋರಾಯ್ತಾ ಅತ್ತಿಗೆ?"

"ಇದಕ್ಕಿಂತ ದೊಡ್ಡಮ್ಮ ಬಿಂದಿಗೆ ಹೊತ್ಕೊಂಡು ಬೇಗ ಹೋಗ್ತಾಳೆ."

ಅವನು ಜೋರು ಮಾಡಿದ. ಕಪ್ಪೆ ತಿರುಗಿತು, ಹಿಂದಿನ ಚಕ್ರಗಳು ಮುಂದಿನದರ ದಾರಿಯಲ್ಲೇ ಬಂದವು. ಕ್ಯಾನುಗಳಲ್ಲಿ ನೀರು ಒಮ್ಮೆ ಕುಲುಕಿ ಸುಮ್ಮನಾಯಿತು. ನೀರಕ್ಕ ಹಿಡಿಯನ್ನು ಬಿಟ್ಟಳು. ದೂರದಲ್ಲಿ, ಬೆಳ್ಳನೆಯ ಪಾತಿಗಳ ನಡುವೆ, ಉಪ್ಪು ಎಳೆಯುತ್ತಿದ್ದವರು ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿ ಇತ್ತ ನೋಡತೊಡಗಿದರು.