ಒಂದು ಗೇಣು ತಂತಿ

"ಬಿಳಿ ಅಂಗಿ ಕೆಳಗಿನ ಖಾನೇಲಿರುತ್ತೆ, ತೆಗಿಯೇ," ಎಂದರು ಅತ್ತಿಗೆ.

ತಂತಿಯಕ್ಕ ಅಂಗಿ ಎಳೆದಳು. ಜೊತೆಗೊಂದು ಡಬ್ಬಿ ಠಣ್ ಎಂದು ಬಿದ್ದು ಬಾಯಿ ಬಿಟ್ಟಿತು. ಒಳಗಿದ್ದದ್ದು ಒಂದು ಗೇಣು ತಂತಿ. ಬಿಳಿ, ನೀಲಿ ಎರಡೆಳೆ ಹೊಸೆದದ್ದು, ತುದಿಗೆ ಕನೆಕ್ಟರ್. ಅವಳು ತುದಿಯನ್ನು ತಿರುವಿ ನೋಡಿದಳು. ತನ್ನ ಕೈಕೆಲಸ ತನಗೇ ಗೊತ್ತಾಗದೆ ಇದ್ದೀತೆ?

"ಏನೇ ಅದು?"

"ಏನೋ ಹಳೇ ತಂತಿ, ಅತ್ತಿಗೆ," ಎಂದು ಮುಷ್ಟಿಯಲ್ಲಿ ಅಡಗಿಸಿಕೊಂಡಳು.

ಲೇಸರ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೇಬಲ್ ಕಟ್ಟಿ ಕಟ್ಟಿಯೇ ಅವಳಿಗೆ ಆ ಅಡ್ಡಹೆಸರು. ನಡುಮನೆಯಲ್ಲಿ ಹೆಣವಾಗಿ ಮಲಗಿದ್ದ ಅತ್ತಿಗೆಯ ಗಂಡ ಅವಳು ಕಟ್ಟಿದ್ದನ್ನು ಪರೀಕ್ಷಿಸಿ ಸಹಿ ಹಾಕುತ್ತಿದ್ದವನು, ಅವಳ ಪಾಲಿಗೆ ಅಣ್ಣ. ಗೇಟಿನಾಚೆ ನಿಂತವನು ಅತ್ತಿಗೆಯ ತಮ್ಮ. ಅವನೂ ಅದೇ ಕಾರ್ಖಾನೆಯಲ್ಲಿದ್ದವನೇ. ಅಲ್ಲೇ ಎಡಗಣ್ಣು ಕಳೆದುಕೊಂಡ. ಹದಿನೆಂಟು ವರ್ಷದಿಂದ ಭಾವನ ಮುಖ ನೋಡಿಲ್ಲ. ಇವತ್ತೂ ನೋಡುವುದಿಲ್ಲವಂತೆ.

"ಒಳಗೆ ಬಾರೋ, ಇದೇ ಕೊನೆ," ಎಂದು ಅತ್ತಿಗೆ ಕಿಟಕಿಯಿಂದ ಕೂಗಿದರು.

"ನಿನಗೋಸ್ಕರ ಬಂದೆ ಅಕ್ಕ. ಕಣ್ಣು ತೆಗೆದವನಿಗೆ ಹೆಗಲು ಕೊಡು ಅನ್ಬೇಡ."

*

ಕಾರ್ಖಾನೆಯ ಯಂತ್ರದಲ್ಲಿ ಲೇಸರನ್ನು ಮಿಡಿಸುವುದು ಡ್ರೈವರ್ ಪೆಟ್ಟಿಗೆಯೊಳಗಿನ ಆಸಿಲೇಟರ್ ಎಂಬ ಬಿಡಿಭಾಗ. 'ಓಡು', 'ನಿಲ್ಲು' ಎಂಬ ಅಪ್ಪಣೆ ಅದಕ್ಕೆ ಹೋಗುವುದು ಹೊಸೆದ ಜೋಡಿ ತಂತಿಯಲ್ಲಿ. ಒಂದೆಳೆ ಏರಿದರೆ ಇನ್ನೊಂದು ಇಳಿಯುತ್ತದೆ. ಆಚೆ ತುದಿ ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನಷ್ಟೇ. ಹೊರಗಿನ ವಿದ್ಯುತ್ ಗದ್ದಲ ಎರಡಕ್ಕೂ ಸಮವಾಗಿ ತಗಲುವುದರಿಂದ, ಎಷ್ಟೇ ವೇಗದ ಅಪ್ಪಣೆಯಾದರೂ ಕೆಡುವುದಿಲ್ಲ. ಆದರೆ ಎಳೆಗಳು ಅದಲುಬದಲಾದರೆ ಮುಗಿಯಿತು, 'ನಿಲ್ಲು' ಅಂದಾಗ ಓಡುತ್ತದೆ.

ಡ್ರೈವರಿನ ಹಳೆಯ ಸರ್ಕ್ಯೂಟ್ ಬೋರ್ಡಿನಲ್ಲಿ ಯಾವ ಪುಣ್ಯಾತ್ಮನೋ ಜೋಡಿಯನ್ನು ತಿರುಗುಮುರುಗು ಮಾಡಿಟ್ಟಿದ್ದ. ಅದಕ್ಕೆ ಸರಿಹೋಗಲೆಂದು ಕೇಬಲನ್ನೂ ತಿರುಗಿಸಿ ಕಟ್ಟುವುದೇ ರೂಢಿಯಾಗಿತ್ತು. ಆಮೇಲೆ ತಪ್ಪು ತಿದ್ದಿದ ಹೊಸ ಬೋರ್ಡು ಬಂತು. "ಇನ್ಮೇಲೆ ನೇರ ಕಟ್ಟಮ್ಮ," ಎಂದಿದ್ದ ಅಣ್ಣ. ಹೂಂಗುಟ್ಟಿದಳು. ಕೈ ಮಾತ್ರ ಹಳೆಯ ಚಾಳಿ ಬಿಡಲಿಲ್ಲ. ಇವಳ ಕೆಲಸ ತಪ್ಪುವುದುಂಟೇ ಎಂದು ಅಣ್ಣನೂ ಅವತ್ತು ನೋಡದೆಯೇ ಸಹಿ ಹಾಕಿದ.

ಅದೇ ಮಧ್ಯಾಹ್ನ ಭಾಮೈದ 'ಓಡು' ಒತ್ತಿದ, ಯಂತ್ರ ಸುಮ್ಮನಿತ್ತು. ಏನು ದಾಡಿ ಇದಕ್ಕೆ ಎಂದು 'ನಿಲ್ಲು' ಒತ್ತಿ, ಮುಚ್ಚಳ ತೆಗೆದು ಬಗ್ಗಿ ನೋಡಿದ. ಲೇಸರ್ ಓಡುತ್ತಿತ್ತು, ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಸಂಜೆ ಅಣ್ಣ ಆ ತಂತಿಯ ತುದಿ ಕತ್ತರಿಸಿ ಜೇಬಿಗಿಳಿಸಿದ. "ನಿನ್ನ ಮನೆಯೆಲ್ಲ ನಿನ್ನ ಮೇಲೇ ನಿಂತಿದೆ. ಸಹಿ ನಂದು. ಬಾಯಿ ಬಿಡಬೇಡ," ಎಂದ.

ಅವಳು ಬಿಡಲಿಲ್ಲ.

*

"ನಾಲ್ಕನೇ ಹೆಗಲು ಯಾರ್ದ್ರೀ? ಹೊತ್ತಾಯ್ತು," ಎಂದು ಒಳಗಿಂದ ಯಾರೋ ಕೂಗಿದರು.

ತಂತಿಯಕ್ಕ ಗೇಟಿಗೆ ಓಡಿ, ಅವನ ಕೈಗೆ ತಂತಿ ತುರುಕಿದಳು. "ಇದನ್ನ ತಿರುಗಿಸಿ ಕಟ್ಟಿದ್ದು ನಾನು. ಅಣ್ಣ ನೋಡದೆ ಸಹಿ ಹಾಕಿದ, ನಿಜ. ಆದ್ರೆ ನನ್ನ ಹೆಸರು ಕೊನೇವರೆಗೂ ಎತ್ತಲಿಲ್ಲ."

ಅವನು ಬಲಗಣ್ಣಿನ ಹತ್ತಿರ ಹಿಡಿದು ಎಳೆಗಳನ್ನು ನೋಡಿದ. "ಮೊನ್ನೆ ಭಾವ ಇದ್ದಾಗ ಹೇಳಿದ್ರೂ ಸಾಕಿತ್ತಲ್ಲೇ," ಎಂದ.

ಹಿಂದೆಯೇ ಬಂದಿದ್ದ ಅತ್ತಿಗೆ ಎಲ್ಲ ಕೇಳಿಸಿಕೊಂಡಿದ್ದರು. "ನನ್ನ ಅಡುಗೆಮನೇಲಿ ಕೂತು ನನ್ನ ಕೈ ಊಟ ಉಂಡ್ಯಲ್ಲೇ! ಆ ಮನುಷ್ಯನಿಗೆ ನಾನು ಏನೇನು ಅಂದೆ, ಎದುರಿಗೇ ಕೂತು ಕೇಳಿಸ್ಕೊಂಡ್ಯಲ್ಲೇ!"

ತಂತಿಯಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕನನ್ನೇ ಸೇರಿಸಿಕೊಂಡು ಚಟ್ಟ ಎತ್ತಿಬಿಟ್ಟಿದ್ದರು. ಮುದುಕ ತಲೆಯ ಕಡೆ, ಬಲಬದಿಗೆ ನಿಂತು ಏದುಸಿರು ಬಿಡುತ್ತಿದ್ದ. ಅತ್ತಿಗೆಯ ತಮ್ಮ ಅವನನ್ನು ಸರಿಸಿ ಎಡಹೆಗಲು ಕೊಟ್ಟ. ಭಾವನ ಮುಖ ಅವನ ಎಡಕ್ಕೆ, ಕಾಣದ ಕಣ್ಣಿನ ಕಡೆಗೆ ಬಂತು.

ಕತ್ತು ಹೊರಳಿಸಿದ. ಬಿದಿರಿನ ಕೋಲು ದವಡೆಗೆ ಅಡ್ಡ ಬಂತು.

"ಮುಂದೆ ನೋಡ್ಕೊಂಡು ನಡೀರಿ, ಮುಗ್ಗರಿಸ್ತೀರಾ," ಎಂದ ಮುಂದಿದ್ದವನು.

ಅವನು ದವಡೆಯನ್ನು ಕೋಲಿಗೆ ಒತ್ತಿ ಒತ್ತಿ, ಕತ್ತು ತಿರುಗಿಸಲು ನೋಡುತ್ತಲೇ ನಡೆದ.